ನೂರಾ ಒಂದನೆಯ ಮಗು: ಸರ್ಕಾರಿ ಶಾಲೆಗಳ ಹಣದ ಲೆಕ್ಕದಲ್ಲೊಂದು ಇಣುಕುನೋಟ

ಬೇಸಿಗೆಯ ರಜೆ ಮುಗಿದು ಶಾಲೆಗಳು ಪುನಃ ಬಾಗಿಲು ತೆರೆಯುವ ದಿನಗಳಲ್ಲಿ ದಾವಣಗೆರೆಯ ಬೀದಿಗಳಲ್ಲಿ ನಿಂತು ನೋಡಿದರೆ ನಮ್ಮ ಕಾಲದ ಕಥೆಯೊಂದು ಕಣ್ಣೆದುರೇ ಸಾಗಿಹೋಗುತ್ತದೆ. ಹಳದಿ ಬಣ್ಣದ ಶಾಲಾ ವಾಹನಗಳು ಒಂದರ ಹಿಂದೊಂದು ಆಜಾದ್ ನಗರ, ನಿಟುವಳ್ಳಿಗಳ ಕಿರಿದಾದ ಓಣಿಗಳಿಗೂ ನುಗ್ಗಿ ಮಕ್ಕಳನ್ನು ಹೊತ್ತೊಯ್ಯುತ್ತವೆ. ಅದೇ ಓಣಿಯ ತುದಿಯಲ್ಲಿ, ಹೆಂಚಿನ ಮಾಡಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಶಿಕ್ಷಕಿಯರು ಹೊಸ ಮಕ್ಕಳ ದಾರಿ ಕಾಯುತ್ತಿರುತ್ತಾರೆ. ತುಂಗಭದ್ರೆಯ ದಡದ ಹರಿಹರದಲ್ಲಿಯೂ ದೃಶ್ಯ ಬೇರೆಯಲ್ಲ.

ಈ ಶಿಕ್ಷಕಿಯರು ಹಾಜರಿ ಪುಸ್ತಕವನ್ನು ಆತಂಕದಿಂದ ನೋಡುವುದಕ್ಕೆ ಒಂದು ಕಾರಣವುಂಟು. ಸಮಗ್ರ ಶಿಕ್ಷಣ ಯೋಜನೆಯಡಿ ಪ್ರತಿ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಶಾಲಾ ಅನುದಾನವೆಂಬ ಮೊತ್ತ ಬರುತ್ತದೆ. ಸೀಮೆಸುಣ್ಣ, ದಾಖಲೆ ಪುಸ್ತಕ, ಒಡೆದ ಕಿಟಕಿಯ ದುರಸ್ತಿ, ಶೌಚಾಲಯದ ಸ್ವಚ್ಛತೆ ಎಲ್ಲವೂ ಇದರಲ್ಲಿಯೇ ನಡೆಯಬೇಕು. ಮಕ್ಕಳ ಸಂಖ್ಯೆ 30ರೊಳಗಿದ್ದರೆ 10 ಸಾವಿರ ರೂಪಾಯಿ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, 1,000ದವರೆಗೆ 75 ಸಾವಿರ, ಅದಕ್ಕೂ ಮೇಲ್ಪಟ್ಟರೆ ಒಂದು ಲಕ್ಷ. ಇವು ಗರಿಷ್ಠ ಮಿತಿಗಳು. ಈಗ ಓದುಗರು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಶಾಲೆಯೊಂದರಲ್ಲಿ 101 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳೋಣ. ಅವರಲ್ಲಿ ಒಂದು ಮಗು ವರ್ಗಾವಣೆ ಪತ್ರ ಪಡೆದು ಖಾಸಗಿ ಶಾಲೆಗೆ ಹೋದರೆ ಆ ಶಾಲೆಯ ವಾರ್ಷಿಕ ಅನುದಾನದ ಮಿತಿ 50 ಸಾವಿರದಿಂದ 25 ಸಾವಿರಕ್ಕೆ ಇಳಿಯುತ್ತದೆ. ಹೋದದ್ದು ಒಂದು ಮಗು. ಕಳೆದದ್ದು ಅರ್ಧ ಹಣ. ಆದರೆ ಕಟ್ಟಡ ಅರ್ಧವಾಗುವುದಿಲ್ಲ. ಸೋರುವ ಮಾಡೂ ಅರ್ಧವಾಗುವುದಿಲ್ಲ.

ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಟ ಕುರುಬನ ಸಾಮತಿಯನ್ನು ನಾವೆಲ್ಲ ಬಾಲ್ಯದಿಂದಲೇ ಕೇಳಿದವರು. ಇಲ್ಲಿ ಒಂದು ಮಗು ಹೋದರೆ ಉಳಿದ ನೂರು ಮಕ್ಕಳೇ ಅದರ ಬೆಲೆ ತೆರುತ್ತಾರೆ. ಸರ್ಕಾರಿ ಶಾಲೆಗಳಿಗೆ ಸಮಾಜ ವ್ಯಯಿಸುತ್ತಿರುವ ಹಣ ಏರುತ್ತಿದೆಯೇ, ಇಳಿಯುತ್ತಿದೆಯೇ, ಅದು ಎಲ್ಲಿಂದ ಬಂದು ಎಲ್ಲಿ ಸೇರುತ್ತಿದೆ ಎಂಬುದನ್ನು ಈ ವಾರ ಓದುಗರೊಡನೆ ಕುಳಿತು ಲೆಕ್ಕ ಹಾಕುವುದು ನಮ್ಮ ಉದ್ದೇಶ.

ಅರುವತ್ತು ವರ್ಷ ಹಳೆಯ ವಾಗ್ದಾನ

ಸ್ವಾತಂತ್ರ್ಯಾನಂತರ ಶಿಕ್ಷಣದ ಖರ್ಚಿನ ಬಗೆಗೆ ನಡೆದ ಎಲ್ಲ ಚರ್ಚೆಗಳ ಮೂಲ ಒಂದೇ ಅಂಕಿಯಲ್ಲಿದೆ. ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರಲ್ಲಿ ಸಲ್ಲಿಸಿದ ವರದಿಯಲ್ಲಿ, ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟು ಶಿಕ್ಷಣಕ್ಕೆ ಮೀಸಲಾಗಬೇಕೆಂದು ಹೇಳಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಒಪ್ಪಿತು, 1986ರ ನೀತಿ ಪುನರುಚ್ಚರಿಸಿತು, 2020ರ ನೀತಿಯೂ ಮತ್ತೊಮ್ಮೆ ಅದೇ ಮಾತನ್ನಾಡಿತು. ಒಂದೇ ವಾಗ್ದಾನವನ್ನು ಮೂರು ತಲೆಮಾರುಗಳಿಗೆ ನೀಡಲಾಯಿತೆಂದರೆ ಅದು ಈಡೇರಿಲ್ಲವೆಂದೇ ಅರ್ಥ. ಎಲ್ಲ ಇಲಾಖೆಗಳ ಶಿಕ್ಷಣ ವೆಚ್ಚವನ್ನು ಸೇರಿಸಿ ಉದಾರವಾಗಿ ಲೆಕ್ಕ ಹಾಕಿದರೂ ಒಟ್ಟು ದೇಶೀಯ ಉತ್ಪನ್ನದ ಶೇಕಡಾ ನಾಲ್ಕು, ನಾಲ್ಕೂವರೆಯ ಸುತ್ತಲೇ ಅದು ಸುಳಿದಾಡಿದೆ. ಕೇಂದ್ರದ ಆರ್ಥಿಕ ಸಮೀಕ್ಷೆಗಳ ಬಿಗಿಯಾದ ಲೆಕ್ಕದಲ್ಲಿ ಶೇಕಡಾ ಮೂರರ ಆಸುಪಾಸಿನಲ್ಲಿಯೇ ನಿಂತಿದೆ.

ಈ ನಡುವೆ ಸಾಧನೆ ಏನೂ ಆಗಲಿಲ್ಲವೆಂದರೆ ಅದು ಅಸತ್ಯವಾದೀತು. 1987ರ ಕಪ್ಪು ಹಲಗೆ ಕಾರ್ಯಾಚರಣೆಯಿಂದ ಏಕೋಪಾಧ್ಯಾಯ ಶಾಲೆಗಳಿಗೆ ಎರಡನೆಯ ಕೋಣೆ, ಎರಡನೆಯ ಶಿಕ್ಷಕರು ದೊರೆತರು. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಎಚ್. ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ನಡೆದ ಶಿಕ್ಷಕರ ನೇಮಕವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಶಿಫಾರಸಿಲ್ಲದೆ, ಲಂಚವಿಲ್ಲದೆ, ಅಂಕಗಳ ಆಧಾರದ ಮೇಲೆ ಸಾವಿರಾರು ಬಡ ಮನೆಗಳ ಮಕ್ಕಳು ಶಿಕ್ಷಕರಾದರು. ನಮ್ಮ ಜಿಲ್ಲೆಯವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, 1997ರ ಆಗಸ್ಟ್ 15ರಂದು ದಾವಣಗೆರೆ ಚಿತ್ರದುರ್ಗದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ಕಾಲಾವಧಿಯಲ್ಲಿ. 2001ರಲ್ಲಿ ಸರ್ವ ಶಿಕ್ಷಣ ಅಭಿಯಾನ ಬಂದಿತು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲ್ಗೊಂಡ ಅಕ್ಷರ ದಾಸೋಹವು ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. 2006ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್, 2013ರಲ್ಲಿ ಕ್ಷೀರಭಾಗ್ಯದ ಹಾಲು ದೊರೆಯತೊಡಗಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಗಿ, ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿನ ಕಲಿಕೆ ಸರ್ಕಾರದ ಋಣವೆಂದಾಯಿತು.

ಏರುವ ಮೊತ್ತ, ಇಳಿಯುವ ಪಾಲು

ಹಾಗಾದರೆ ಇತ್ತೀಚಿನ ವರ್ಷಗಳ ಸ್ಥಿತಿಯೇನು? ರಾಜ್ಯದ ಆಯವ್ಯಯ ಪತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. 2022-23ರಲ್ಲಿ ಶಿಕ್ಷಣಕ್ಕೆ ಒದಗಿಸಿದ್ದು 31,980 ಕೋಟಿ ರೂಪಾಯಿ. 2023-24ರಲ್ಲಿ 37,587 ಕೋಟಿ. 2024-25ರಲ್ಲಿ 44,422 ಕೋಟಿ. 2025-26ರಲ್ಲಿ 45,286 ಕೋಟಿ. ಉನ್ನತ ಶಿಕ್ಷಣವೂ ಇದರಲ್ಲಿ ಸೇರಿದೆ. ಮೂರು ವರ್ಷಗಳಲ್ಲಿ ಹದಿಮೂರು ಸಾವಿರ ಕೋಟಿಗೂ ಮಿಕ್ಕಿದ ಏರಿಕೆಯನ್ನು ಕಂಡಾಗ ಯಾರಾದರೂ ಹರ್ಷಿಸಬೇಕಾದುದೇ.

ಆದರೆ ಮನೆಯ ಯಜಮಾನನ ಆದಾಯ ಏರಿದಾಗ ಮಕ್ಕಳ ಓದಿಗೆಂದು ತೆಗೆದಿಡುವ ಪಾಲೂ ಏರಿತೇ ಎಂದು ನೋಡುವುದು ಸಂಸಾರಸ್ಥರ ರೀತಿ. ಇದೇ ಅವಧಿಯಲ್ಲಿ ರಾಜ್ಯದ ಆಯವ್ಯಯದ ಒಟ್ಟು ಗಾತ್ರ 2,65,720 ಕೋಟಿಯಿಂದ 4,09,549 ಕೋಟಿಗೆ ಬೆಳೆಯಿತು. ಅಂದರೆ ಬೊಕ್ಕಸ ಶೇಕಡಾ 54ರಷ್ಟು ಹಿಗ್ಗಿದಾಗ ಶಿಕ್ಷಣದ ಹಣ ಶೇಕಡಾ 42ರಷ್ಟು ಮಾತ್ರ ಹಿಗ್ಗಿತು. ನೂರು ರೂಪಾಯಿಯಲ್ಲಿ ಶಿಕ್ಷಣದ ಪಾಲು 12 ರೂಪಾಯಿಯಿಂದ 11 ರೂಪಾಯಿಗೆ ಇಳಿಯಿತು. ಕಡೆಯ ವರ್ಷವನ್ನೇ ನೋಡಿದರೆ, ಆಯವ್ಯಯ ಶೇಕಡಾ ಹತ್ತರಷ್ಟು ದೊಡ್ಡದಾದಾಗ ಶಿಕ್ಷಣಕ್ಕೆ ಸೇರಿದ ಹೆಚ್ಚುವರಿ ಶೇಕಡಾ ಎರಡಕ್ಕೂ ಕಡಿಮೆ. ದೇಶದ ರಾಜ್ಯಗಳು ಸರಾಸರಿಯಾಗಿ ತಮ್ಮ ವೆಚ್ಚದ ಶೇಕಡಾ ಹದಿನಾಲ್ಕು, ಹದಿನೈದರಷ್ಟನ್ನು ಶಿಕ್ಷಣಕ್ಕೆ ಇಡುತ್ತಿರುವಾಗ, ವಿದ್ಯೆಯ ತವರೆಂದು ಹೆಸರಾದ ನಮ್ಮ ನಾಡು ಹಿಂದುಳಿದಿರುವುದು ಚಿಂತನೆಗೆ ಗ್ರಾಸವಾಗಬೇಕಾದ ಸಂಗತಿ.

ಏರಿದ ಮೊತ್ತವಾದರೂ ಎಲ್ಲಿಗೆ ಹೋಯಿತು? ಶಾಲಾ ಶಿಕ್ಷಣದ ವೆಚ್ಚದಲ್ಲಿ ಬಹುಪಾಲು ವೇತನ ಮತ್ತು ನಿವೃತ್ತಿ ವೇತನದ ಬಾಬತ್ತು. 2024ರ ಆಗಸ್ಟ್‌ನಿಂದ ಏಳನೆಯ ವೇತನ ಆಯೋಗದ ಶಿಫಾರಸು ಜಾರಿಗೆ ಬಂದು ವೇತನ ಏರಿತು. ಶಿಕ್ಷಕರಿಗೆ ಯೋಗ್ಯ ಸಂಬಳ ದೊರೆಯುವುದು ನ್ಯಾಯವೇ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಸಂಬಳ ಕೊಟ್ಟು ಉಳಿದ ಅಲ್ಪ ಹಣದಲ್ಲಿ ಕೊಠಡಿ, ಗ್ರಂಥಾಲಯ, ಪ್ರಯೋಗಾಲಯ, ಕುಡಿಯುವ ನೀರು ಎಲ್ಲವೂ ಆಗಬೇಕೆಂದಾಗ ಮಗುವಿನ ಕೈಗೆ ತಲುಪುವುದು ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ.

ವಿಚಿತ್ರವೆಂದರೆ, ಇಷ್ಟು ಸಂಬಳ ಕೊಟ್ಟೂ ಶಿಕ್ಷಕರ ಕೊರತೆ ನೀಗಿಲ್ಲ. ನಿವೃತ್ತರಾದವರ ಸ್ಥಾನಗಳು ಕಾಲಕಾಲಕ್ಕೆ ತುಂಬದೆ, 2025-26ನೆಯ ಸಾಲಿಗೆ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳೆರಡಕ್ಕೂ ಸೇರಿ ಸುಮಾರು 51 ಸಾವಿರ ಅತಿಥಿ ಶಿಕ್ಷಕರನ್ನು ಸರ್ಕಾರ ಅವಲಂಬಿಸಬೇಕಾಯಿತು. ಆ ವರ್ಷದ ಆಯವ್ಯಯದಲ್ಲಿ ಅವರ ಗೌರವಧನವನ್ನು ಎರಡು ಸಾವಿರ ರೂಪಾಯಿ ಹೆಚ್ಚಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿಗೆ ತಿಂಗಳಿಗೆ ದೊರೆಯುವುದು 12 ಸಾವಿರ. ಬಿ.ಇಡಿ. ಮುಗಿಸಿದ ಹೆಣ್ಣುಮಗಳೊಬ್ಬಳು ಹರಿಹರದಿಂದ ಹಳ್ಳಿಯ ಶಾಲೆಗೆ ಬಸ್ಸಿನಲ್ಲಿ ಹೋಗಿ ಬಂದು, ಈ ಹಣದಲ್ಲಿ ಸಂಸಾರ ತೂಗಿಸಿ, ಬೇಸಿಗೆಯಲ್ಲಿ ಕೆಲಸವಿಲ್ಲದೆ ಕುಳಿತು, ಮತ್ತೆ ಜೂನ್‌ನಲ್ಲಿ ಕರೆ ಬರುವುದೋ ಇಲ್ಲವೋ ಎಂದು ಕಾಯುವ ಬದುಕನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಊಟದ ತಟ್ಟೆಯ ಲೆಕ್ಕ

ನಮ್ಮ ಊರಿನ ಹೆಸರು ಹೇಳಿದರೆ ಪರಊರಿನವರು ಮೊದಲು ನೆನೆಯುವುದು ಬೆಣ್ಣೆ ದೋಸೆಯನ್ನು. ಸರ್ಕಾರಿ ಶಾಲೆಯ ಮಧ್ಯಾಹ್ನದ ಊಟದ ಸಾಮಗ್ರಿಗೆ, ಅಂದರೆ ಬೇಳೆ, ತರಕಾರಿ, ಎಣ್ಣೆ, ಉಪ್ಪು, ಖಾರ, ಉರುವಲಿಗೆ, 2025ರ ಮೇ ತಿಂಗಳಿಂದ ನಿಗದಿಯಾದ ದರ ಪ್ರಾಥಮಿಕ ಹಂತದಲ್ಲಿ ಒಂದು ಮಗುವಿಗೆ ಒಂದು ಹೊತ್ತಿಗೆ 6 ರೂಪಾಯಿ 78 ಪೈಸೆ. ಹಿರಿಯ ಪ್ರಾಥಮಿಕದಲ್ಲಿ 10 ರೂಪಾಯಿ 17 ಪೈಸೆ. ಅಕ್ಕಿ ಪ್ರತ್ಯೇಕ. ಈ ಮೊತ್ತದಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40 ಪಾಲು. ನಾವು ಒಂದು ಭಾನುವಾರ ಪೂಜೆ ಮುಗಿಸಿ ಮನೆಮಂದಿಯೊಡನೆ ದೋಸೆ ತಿಂದು ಬರುವ ಹಣದಲ್ಲಿ ಒಂದು ಇಡೀ ತರಗತಿಯ ಊಟದ ಸಾಮಗ್ರಿ ಬರುತ್ತದೆಂಬುದನ್ನು ಓದುಗರು ತಾವೇ ಗುಣಿಸಿ ನೋಡಬಹುದು.

ಮೊಟ್ಟೆಯ ವಿಚಾರವೂ ಹೀಗೆಯೇ. ವಾರದಲ್ಲಿ ಎರಡು ದಿನ ಸರ್ಕಾರದ ಹಣದಿಂದ ದೊರೆಯುತ್ತಿದ್ದ ಮೊಟ್ಟೆಯನ್ನು 2024ರ ಸೆಪ್ಟೆಂಬರ್‌ನಿಂದ ಆರೂ ದಿನ ನೀಡಲು ಸಾಧ್ಯವಾದದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಮೂರು ವರ್ಷಗಳಿಗೆಂದು ಸುಮಾರು 1,500 ಕೋಟಿ ರೂಪಾಯಿ ನೆರವು ನೀಡಲು ಮುಂದೆ ಬಂದುದರಿಂದ. ದಾನಿಗಳಿಗೆ ನಾವು ಕೃತಜ್ಞರು. ಆದರೆ ಮಗುವಿನ ತಟ್ಟೆಯ ಮೊಟ್ಟೆ ದಾನಿಯ ಒಪ್ಪಂದದ ಅವಧಿಯನ್ನು ಅವಲಂಬಿಸಬೇಕೇ ಎಂಬ ಪ್ರಶ್ನೆ ನಮ್ಮನ್ನು ಕಾಡದಿರದು.

2022ರ ಅಕ್ಟೋಬರ್‌ನ ಪ್ರಸಂಗವೊಂದನ್ನು ಓದುಗರು ಮರೆತಿರಲಾರರು. ಸರ್ಕಾರಿ ಶಾಲೆಗಳ ನಿರ್ವಹಣೆಗಾಗಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಸಂಗ್ರಹಿಸಲು ಶಾಲಾಭಿವೃದ್ಧಿ ಸಮಿತಿಗಳಿಗೆ ಅವಕಾಶ ನೀಡುವ ಸುತ್ತೋಲೆ ಹೊರಟು, ನಾಡಿನಾದ್ಯಂತ ವಿರೋಧ ಬಂದೊಡನೆ ಹಿಂತೆಗೆದುಕೊಳ್ಳಲ್ಪಟ್ಟಿತು. ಸುತ್ತೋಲೆ ಹೋಯಿತು; ಅದನ್ನು ಹೊರಡಿಸುವಂತೆ ಮಾಡಿದ ಕೊರತೆ ಹೋಗಲಿಲ್ಲ. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಒದಗಿಸುವ ಘೋಷಣೆ ಹೊರಬಿದ್ದಾಗ ಅನೇಕ ಮುಖ್ಯೋಪಾಧ್ಯಾಯರು ನಿಟ್ಟುಸಿರು ಬಿಟ್ಟಿದ್ದರೆ ಆಶ್ಚರ್ಯವಿಲ್ಲ.

ಯಾರ ಹೊಣೆ?

ಶಿಕ್ಷಣವು 1976ರ ನಲವತ್ತೆರಡನೆಯ ತಿದ್ದುಪಡಿಯವರೆಗೆ ರಾಜ್ಯಗಳ ವಿಷಯವಾಗಿತ್ತು; ಅನಂತರ ಕೇಂದ್ರ, ರಾಜ್ಯಗಳೆರಡರ ಸಮವರ್ತಿ ವಿಷಯವಾಯಿತು. ಇಬ್ಬರ ಮನೆಯ ಹಸುವಿಗೆ ಹುಲ್ಲು ಹಾಕುವವರು ಯಾರು ಎಂಬ ಸ್ಥಿತಿ ಅಲ್ಲಿಂದ ಮೊದಲಾಯಿತು. 2004ರಲ್ಲಿ ಕೇಂದ್ರವು ಪ್ರಾಥಮಿಕ ಶಿಕ್ಷಣಕ್ಕೆಂದು ತೆರಿಗೆಯ ಮೇಲೆ ಶೇಕಡಾ 2ರ ಉಪಕರವನ್ನು ವಿಧಿಸಿತು. 2007ರಲ್ಲಿ ಪ್ರೌಢ ಹಾಗೂ ಉನ್ನತ ಶಿಕ್ಷಣಕ್ಕೆಂದು ಮತ್ತೊಂದು ಶೇಕಡಾ ಸೇರಿತು. 2018ರಿಂದ ಅದು ಆರೋಗ್ಯವನ್ನೂ ಸೇರಿಸಿಕೊಂಡು ಶೇಕಡಾ 4 ಆಯಿತು. ಉಪಕರದ ಹಣವು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ತೆರಿಗೆಯ ರಾಶಿಗೆ ಸೇರುವುದಿಲ್ಲ. ಅದೇ ಕಾಲದಲ್ಲಿ, ಹಂಚಿಕೆಯಾಗುವ ತೆರಿಗೆಯಲ್ಲಿ ಕರ್ನಾಟಕದ ಪಾಲು ಹದಿನೈದನೆಯ ಹಣಕಾಸು ಆಯೋಗದಿಂದಾಗಿ ಶೇಕಡಾ 4.713ರಿಂದ 3.647ಕ್ಕೆ ಕುಸಿಯಿತು.

ರಾಜ್ಯದ ಕಡೆಯೂ ಪ್ರಶ್ನೆಗಳಿಲ್ಲದಿಲ್ಲ. 2025-26ರಲ್ಲಿ ಐದು ಗ್ಯಾರಂಟಿ ಯೋಜನೆಗಳಿಗೆಂದು ಇಟ್ಟ ಹಣ 51,034 ಕೋಟಿ ರೂಪಾಯಿ. ಅದು ಇಡೀ ಶಿಕ್ಷಣದ ಹಣಕ್ಕಿಂತ ಅಧಿಕ. ಬಡ ತಾಯಿಯ ಕೈಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಬರುವುದನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಮನೆಯ ಪಕ್ಕದ ಸರ್ಕಾರಿ ಶಾಲೆಯಲ್ಲಿ ಶಿಕ್ಷಕರಿಲ್ಲವೆಂದು ಅದೇ ತಾಯಿ ಅದೇ ಹಣವನ್ನು ಖಾಸಗಿ ಶಾಲೆಯ ವಾಹನದ ಬಾಡಿಗೆಗೆ ತೆತ್ತರೆ, ಸರ್ಕಾರ ಒಂದು ಕೈಯಿಂದ ಕೊಟ್ಟದ್ದು ಅವಳ ಇನ್ನೊಂದು ಕೈಯಿಂದ ಜಾರಿಹೋದಂತಲ್ಲವೇ?

ಖಾಸಗಿ ಶಾಲೆಗಳಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ಬಡ ಮಕ್ಕಳಿಗೆ ಮೀಸಲಿಟ್ಟ ಕಾಯ್ದೆಯ ಕಥೆಯೂ ಹಣದ ಕಥೆಯೇ. ಪ್ರತಿ ಮಗುವಿನ ಪರವಾಗಿ ಸರ್ಕಾರ ಖಾಸಗಿ ಶಾಲೆಗೆ ಶುಲ್ಕ ಮರುಪಾವತಿಸುತ್ತಿತ್ತು. ಲಕ್ಷಕ್ಕೂ ಹೆಚ್ಚು ಸ್ಥಾನಗಳಿದ್ದ ಈ ವ್ಯವಸ್ಥೆಯಿಂದ ಸರ್ಕಾರಿ ಶಾಲೆಗಳೇ ಬರಿದಾಗುತ್ತಿವೆ ಎಂಬುದು ಅರಿವಿಗೆ ಬಂದು, 2019-20ರಿಂದ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಈ ಸೌಲಭ್ಯವನ್ನು ನಿಲ್ಲಿಸಲಾಯಿತು. ಸ್ಥಾನಗಳು ಕೆಲವೇ ಸಾವಿರಗಳಿಗೆ ಇಳಿದವು. ಹಾಗೆ ಉಳಿಸಿದ ಹಣ ಓಣಿಯ ಸರ್ಕಾರಿ ಶಾಲೆಗೆ ಮರಳಿದಾಗ ಮಾತ್ರ ಆ ಕ್ರಮ ಬಡ ತಂದೆತಾಯಿಯರಿಗೆ ನ್ಯಾಯವೆನಿಸೀತು.

ನಮ್ಮ ಪಾಲಿನ ಮಾತು

ಈ ಚರ್ಚೆ ನಮ್ಮ ಸಮುದಾಯಕ್ಕೆ ಪರರ ಮನೆಯ ವಿಚಾರವಲ್ಲ. ಸರ್ಕಾರದ ಸಹಾಯಾನುದಾನದ ಪದ್ಧತಿ 1854ರ ವುಡ್ ಅವರ ಶಿಕ್ಷಣ ಸುತ್ತೋಲೆಯಿಂದ ರೂಢಿಗೆ ಬಂದಂದಿನಿಂದಲೂ ಕ್ರೈಸ್ತ ಶಾಲೆಗಳು ಆ ನೆರಳಿನಲ್ಲಿ ಬೆಳೆದಿವೆ. ಸಂವಿಧಾನದ ಮೂವತ್ತನೆಯ ವಿಧಿ, ಅನುದಾನ ನೀಡುವಾಗ ಅಲ್ಪಸಂಖ್ಯಾತರ ಸಂಸ್ಥೆಯೆಂಬ ಕಾರಣಕ್ಕೆ ಭೇದವೆಣಿಸಬಾರದೆಂದು ಹೇಳುತ್ತದೆ. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಪ್ರಕಟಿಸಿದ ಶಿಕ್ಷಣ ಕುರಿತ ಘೋಷಣೆಯೂ, ಮಕ್ಕಳ ವಿದ್ಯಾಭ್ಯಾಸದ ಮೊದಲ ಹೊಣೆ ತಂದೆತಾಯಿಯರದೆಂದೂ, ಅವರು ಶಾಲೆಯನ್ನು ನಿಜವಾಗಿಯೂ ಸ್ವತಂತ್ರರಾಗಿ ಆರಿಸಿಕೊಳ್ಳುವಂತೆ ಸಾರ್ವಜನಿಕ ಹಣ ನ್ಯಾಯವಾಗಿ ಹಂಚಿಕೆಯಾಗಬೇಕೆಂದೂ ಸಾರಿತು. ಆದರೆ ನಾಡಿನಲ್ಲಿ 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳು ಅನುದಾನಕ್ಕಾಗಿ ದಶಕಗಳಿಂದ ಮೊರೆಯಿಡುತ್ತ ಬಂದಿವೆ; ಹಳೆಯ ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಸ್ಥಾನ ತುಂಬಲು ಅನುಮತಿ ತಡವಾಗಿ, ಕಂತುಕಂತಾಗಿ ದೊರೆತಿದೆ. ಅನುದಾನ ಬತ್ತಿದಾಗ ಶುಲ್ಕ ಏರುತ್ತದೆ. ಶುಲ್ಕ ಏರಿದಾಗ ಬಡವರ ಮಗು ಹೊರಗುಳಿಯುತ್ತದೆ.

ಹತ್ತಿ ಗಿರಣಿಗಳ ದಾವಣಗೆರೆಗೂ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಲೆಯೆತ್ತಿದ ಹರಿಹರಕ್ಕೂ ದುಡಿಮೆಯನ್ನರಸಿ ಬಂದ ಕುಟುಂಬಗಳಲ್ಲಿ ನಮ್ಮವರೂ ಇದ್ದರು. ಕಾರ್ಮಿಕನ ಮಗ ಸರ್ಕಾರಿ ಶಾಲೆಯಲ್ಲಿ ಅಕ್ಷರ ಕಲಿತು ಐ.ಟಿ.ಐ. ಮುಗಿಸಿ ತಂದೆಯ ಪಕ್ಕದ ಯಂತ್ರದಲ್ಲಿ ನಿಂತ ಕಾಲವದು. ಗಿರಣಿಗಳು ನಿಂತವು; ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ತೆರೆದು ನಗರವು ವಿದ್ಯಾನಗರಿಯೆನಿಸಿತು. ದೂರದೂರುಗಳ ಮಕ್ಕಳು ಇಲ್ಲಿಗೆ ಬಂದು ವೈದ್ಯರಾಗುತ್ತಾರೆ, ಎಂಜಿನಿಯರರಾಗುತ್ತಾರೆ. ವಿದ್ಯಾನಗರಿಯ ಓಣಿಯ ಮಗು ಆ ಮೆಟ್ಟಿಲನ್ನು ಹತ್ತಬೇಕಾದರೆ ಮೊದಲ ಮೆಟ್ಟಿಲಾದ ಸರ್ಕಾರಿ ಶಾಲೆ ಗಟ್ಟಿಯಾಗಿರಬೇಕು.

ನಾವೇನು ಮಾಡಬಹುದು? ಮೊದಲನೆಯದಾಗಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ 2001ರಿಂದಲೂ ನಮ್ಮಲ್ಲಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂತಹ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಾಗಿರಬೇಕು. ಅದು ರಚಿಸುವ ಶಾಲಾಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರವಾಗಬೇಕು. ಸರ್ಕಾರಿ ಶಾಲೆಯಲ್ಲಿ ಮಕ್ಕಳಿರುವ ನಮ್ಮ ತಾಯಂದಿರು ಆ ಸಭೆಗೆ ಹೋಗಿ, ಸಹಿ ಹಾಕುವ ಮುನ್ನ ಲೆಕ್ಕ ಕೇಳುವಂತಾಗಲಿ. ಎರಡನೆಯದಾಗಿ, ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತ ಶಿಕ್ಷಕ ಶಿಕ್ಷಕಿಯರು ಅನೇಕರಿದ್ದಾರೆ. ವಾರಕ್ಕೆರಡು ಸಂಜೆ ಓಣಿಯ ಶಾಲೆಯ ಮಕ್ಕಳಿಗೆ, ಜಾತಿ ಮತ ನೋಡದೆ, ಗಣಿತ ಹೇಳಿಕೊಡುವುದು ಅವರಿಗೆ ಭಾರವಾಗದು. ಮೂರನೆಯದಾಗಿ, ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಉತ್ಸವಕ್ಕೆ ಹರಿಹರದಲ್ಲಿ ಸಾವಿರಾರು ಜನ ಸೇರುತ್ತೇವೆ, ಜನಪ್ರತಿನಿಧಿಗಳೂ ಬರುತ್ತಾರೆ. ಹಾರ ಹಾಕಿ ಕಳುಹಿಸುವುದರ ಜೊತೆಗೆ ಮೂರು ಬೇಡಿಕೆಗಳನ್ನೂ ಅವರ ಕೈಗಿಡೋಣ: ಶಾಲಾ ಅನುದಾನ ಮಕ್ಕಳ ಸಂಖ್ಯೆಯೊಂದನ್ನೇ ನೋಡದೆ ಕಟ್ಟಡದ ಅಗತ್ಯವನ್ನೂ ನೋಡುವಂತಾಗಲಿ, ಅದು ವರ್ಷಾಂತ್ಯದಲ್ಲಲ್ಲ, ಜೂನ್‌ನಲ್ಲಿಯೇ ಕೈಸೇರಲಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಖಾಲಿ ಸ್ಥಾನಗಳು ನಿವೃತ್ತಿಯ ವರ್ಷದಲ್ಲಿಯೇ ತುಂಬಲಿ.

ಕಡೆಯದಾಗಿ ಒಂದು ಕಟು ಮಾತು. ಸರ್ಕಾರಿ ಶಾಲೆ ಬಡವಾಗಿದೆಯೆಂದು ನಾವು ಮಕ್ಕಳನ್ನು ಬಿಡಿಸಿದೆವು; ನಾವು ಬಿಡಿಸಿದ್ದರಿಂದ ಅದು ಮತ್ತಷ್ಟು ಬಡವಾಯಿತು. ಅನುಕೂಲವಂತರ ಮಕ್ಕಳಿಲ್ಲದ ಶಾಲೆಯ ಪರವಾಗಿ ಗಟ್ಟಿ ದನಿಯಲ್ಲಿ ಕೇಳುವವರು ಯಾರೂ ಉಳಿಯಲಿಲ್ಲ. ಎಲ್ಲರೂ ಮಕ್ಕಳನ್ನು ಮರಳಿ ಕರೆತನ್ನಿರೆಂದು ಹೇಳುವ ಅಧಿಕಾರ ನಮಗಿಲ್ಲ, ಏಕೆಂದರೆ ನಮ್ಮ ಮನೆಯ ಮಕ್ಕಳನ್ನೂ ನಾವು ಹಳದಿ ವಾಹನ ಹತ್ತಿಸಿದವರೇ. ಆದರೆ ಆ ವಾಹನ ಓಣಿಯ ತಿರುವಿನಲ್ಲಿ ಮರೆಯಾದ ಮೇಲೆ, ಹೆಂಚಿನ ಮಾಡಿನ ಶಾಲೆಯತ್ತ ಒಮ್ಮೆ ತಿರುಗಿ ನೋಡುವುದು, ಒಳಹೊಕ್ಕು ಈ ವರ್ಷ ಎಷ್ಟು ಮಕ್ಕಳಿದ್ದಾರೆ ಎಂದು ಕೇಳುವುದು ನಮ್ಮಿಂದಾಗುವ ಕೆಲಸ. ಮುಖ್ಯೋಪಾಧ್ಯಾಯಿನಿ ನೂರಾ ಒಂದು ಎಂದು ಉತ್ತರಿಸಿದರೆ, ಆ ಒಂದನ್ನು ಉಳಿಸಿಕೊಳ್ಳಲು ಅವರಿಗೆ ಏನು ಬೇಕಾಗಿದೆಯೆಂದೂ ಕೇಳಿ ಬರೋಣ.